ಮೊದಲ ಗುದ್ದಲಿ

"ಗುರುಗಳೇ, ಇಂಥದೇ ಬಿರುಗಾಳಿ ಇನ್ನೊಂದು ಬಂದರೆ ಕೆಳದಂಡೆಯ ಊರು ಉಳಿದೀತೇ?"

ಕೇಳಿದವನು ಮಹಾಬಲ. ಮಠದ ಶಿಷ್ಯರಲ್ಲಿ ಅವನೊಬ್ಬನೇ ನೆರೆ ಬಂದಾಗಿನಿಂದ ಕೆಳದಂಡೆಯಲ್ಲಿ ಇದ್ದವನು. ಅಕ್ಕಿ ಹೊತ್ತಿದ್ದ, ಗಂಜಿ ಬಡಿಸಿದ್ದ, ಸತ್ತ ದನಗಳನ್ನು ಹೂಳಿದ್ದ. ಆ ದಿನ ಮಧ್ಯಾಹ್ನವಷ್ಟೇ ಮರಳಿ ಬಂದಿದ್ದ. ಮಿಂದಿದ್ದರೂ ಉಗುರಿನ ಸಂದಿಯಲ್ಲಿ ಕೆಸರು ಉಳಿದಿತ್ತು. ಕೂರು ಎಂದರೆ ಕೂರುತ್ತಿದ್ದ, ಮರುಕ್ಷಣ ಎದ್ದು ಬಾಗಿಲಿಗೆ ಹೋಗಿ ಮೋಡ ನೋಡಿ ಬರುತ್ತಿದ್ದ.

"ಅಲ್ಲಿಯ ಜನ ಏನು ಹೇಳುತ್ತಾರೆ?" ಎಂದು ಗುರುಗಳು ಕೇಳಿದರು.

"ಕಡಲಿಗೆ ಇನ್ನೂ ಎತ್ತರದ ತಡೆಗೋಡೆ ಬೇಕು ಎನ್ನುತ್ತಾರೆ. ಗಾಳಿ ಬರುವ ಮುಂಚೆ ಕೂಗುವ ಸೈರನ್ ಬೇಕು ಎನ್ನುತ್ತಾರೆ. ಗುಡ್ಡದ ಮೇಲೆ ಕಾಂಕ್ರೀಟಿನ ದೊಡ್ಡ ಕಟ್ಟಡ ಬೇಕು ಎನ್ನುತ್ತಾರೆ. ಎಲ್ಲವೂ ಬೇಕಾದ್ದೇ. ಆದರೆ ಜನರ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಒಂದೇ ಹಂಡೆಯ ಗಂಜಿಯನ್ನು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಕಣ್ಣಾರೆ ಕಂಡೆ. ಅಂಥ ಒಗ್ಗಟ್ಟನ್ನು ಬೇರೆಲ್ಲೂ ಕಂಡಿರಲಿಲ್ಲ."

"ಈಗ?"

"ಈಗ ನೀರು ಇಳಿದಿದೆ. ಜನ ಮನೆಗಳಿಗೆ ಹೋಗುತ್ತಿದ್ದಾರೆ. ಕೆಲಸ ಮುಗಿಯಿತು, ಅದಕ್ಕೇ ಬಂದೆ."

"ಕೆಲಸ ಮುಗಿಸಿ ಬಂದವನು ಹೀಗೆ ಬಾಗಿಲಿಗೂ ಚಾಪೆಗೂ ಅಲೆಯುವುದಿಲ್ಲ," ಎಂದರು ಗುರುಗಳು. "ಕೂರು. ಒಂದು ಕತೆ ಇದೆ. ಮುಗಿಯುವವರೆಗೆ ಏಳಬೇಡ."

ಮಹಾಬಲ ಕೂತ. ಗುರುಗಳು ಹೇಳತೊಡಗಿದರು.

ಹೊಳೆ ಕಡಲಿಗೆ ಸೇರುವ ಅಳಿವೆಯ ಬಳಿ ಒಂದು ಊರಿತ್ತು. ಊರಿಗೂ ಕಡಲಿಗೂ ನಡುವೆ ಉದ್ದನೆಯ ಮರಳ ದಿಬ್ಬ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಕಡಲು ಮರಳು ತಂದು ಅಳಿವೆಯ ಬಾಯಿ ಮುಚ್ಚುತ್ತಿತ್ತು. ಮುಂಗಾರು ಹಿಡಿದು ಹೊಳೆ ತುಂಬಿದರೆ ನೀರಿಗೆ ಹೋಗಲು ದಾರಿಯಿಲ್ಲ. ಅದು ಹಿಂದಕ್ಕೆ ಏರಿ ಗದ್ದೆಗೆ, ಅಂಗಳಕ್ಕೆ ಬರುತ್ತಿತ್ತು. ಅದಕ್ಕೆ ಮೊದಲೇ ಊರಿನವರೆಲ್ಲ ಸೇರಿ ದಿಬ್ಬದಲ್ಲಿ ಸಣ್ಣದೊಂದು ಕಾಲುವೆ ತೋಡುತ್ತಿದ್ದರು. ಮೊಳದಗಲ ತೋಡಿದರೆ ಸಾಕು, ಉಳಿದದ್ದನ್ನು ನೀರೇ ಕೊರೆದುಕೊಂಡು ಹೋಗುತ್ತಿತ್ತು. ಅಳಿವೆ ಕಡಿಯುವುದು ಎಂದು ಅದಕ್ಕೆ ಹೆಸರು.

ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಕಡಿಯುವ ಜಾಗಕ್ಕೆ ಯಾರ ಮನೆ ಹತ್ತಿರವೋ ಆ ಮನೆಯವನೇ ಮೊದಲ ಗುದ್ದಲಿ ಹಾಕಬೇಕು. ಅವನು ಹಾಕುವವರೆಗೆ ಬೇರೆ ಯಾರೂ ಮರಳು ಮುಟ್ಟುವಂತಿಲ್ಲ. ಮುಟ್ಟಿದರೆ ಹೊಳೆ ಆ ವರ್ಷ ಬಲಿ ಕೇಳುತ್ತದೆ ಎಂದು ನಂಬಿದ್ದರು. ಹೊಳೆ ಕೇಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಒಬ್ಬನ ಬಾಗಿಲ ಮುಂದೆ ನೀರು ಬಿಡುವ ಮೊದಲು ಅವನನ್ನು ಒಂದು ಮಾತು ಕೇಳಬೇಕು ಎಂದು ಹಿಂದಿನವರಿಗೆ ಅನ್ನಿಸಿರಬೇಕು. ಕಾರಣ ಎಲ್ಲರಿಗೂ ಮರೆತುಹೋಗಿತ್ತು. ಮೊದಲ ಗುದ್ದಲಿ ಹಾಕಿದವನಿಗೆ ಒಂದು ತೆಂಗಿನಕಾಯಿ, ಒಂದು ಹೊಸ ಪಂಚೆ ಕೊಡುವುದು ಮಾತ್ರ ನೆನಪಿತ್ತು.

ದಿಬ್ಬದ ಮೇಲೆ ಇದ್ದದ್ದು ಒಂದೇ ಮನೆ, ಒಬ್ಬ ಮೀನುಗಾರನದು. ದೋಣಿ ಎಳೆಯಲು ಅನುಕೂಲವೆಂದು ಅವನು ಉತ್ತರದ ತುದಿಯ ತಗ್ಗಿನಲ್ಲಿ ಕಟ್ಟಿಕೊಂಡಿದ್ದ. ಒಂದು ಕೋಣೆ, ಒಂದು ಅಡುಗೆಮನೆ. ಮಳೆಗಾಲ ಮುಗಿದ ಮೇಲೆ ಬಿಡುವಾದಾಗಲೆಲ್ಲ ಒಂದೊಂದು ದೋಣಿ ಚಿರೇಕಲ್ಲು ತಂದು ಕೆಲವು ವರ್ಷಗಳಲ್ಲಿ ತಾನೇ ಎಬ್ಬಿಸಿದ ಗೋಡೆ. ಅಳಿವೆ ಕಡಿಯುತ್ತಿದ್ದದ್ದು ದೂರದ ದಕ್ಷಿಣ ತುದಿಯಲ್ಲಿ, ಬರಿ ಮರಳಿನಲ್ಲಿ. ಆದರೂ ಬೇರೆ ಮನೆ ಇಲ್ಲದ್ದರಿಂದ ಅವನದೇ ಹತ್ತಿರದ ಮನೆ. ಪ್ರತಿ ವರ್ಷ ಮೊದಲ ಗುದ್ದಲಿ ಅವನದೇ. ಕಾಯಿ ತೆಗೆದುಕೊಳ್ಳುತ್ತಿದ್ದ, ಪಂಚೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ, ನಗುತ್ತಾ ಮನೆಗೆ ಹೋಗುತ್ತಿದ್ದ. ಅವನಿಗೆ ನಷ್ಟವಿರಲಿಲ್ಲ, ಊರಿಗೆ ಭಯವಿರಲಿಲ್ಲ. ಹಾಗೆ ಇರುವಷ್ಟು ಕಾಲ ಎಂಥ ಕಟ್ಟಳೆಯೂ ಚೆನ್ನಾಗಿಯೇ ನಡೆಯುತ್ತದೆ.

ಆ ವರ್ಷ ಅವನ ಹೆಂಡತಿ ಬಸುರಿ. ದಿನ ತುಂಬುತ್ತಾ ಬಂದಿತ್ತು. ಆಗ ಬಿರುಗಾಳಿ ಬಂತು.

"ಗೊತ್ತು," ಎಂದ ಮಹಾಬಲ. "ಮೊದಲು ತೆಂಗಿನ ಮರಗಳು ಮಲಗುತ್ತವೆ. ಆಮೇಲೆ ಹೆಂಚುಗಳು ಹಾರುತ್ತವೆ. ಆಮೇಲೆ ಏನೂ ಕಾಣುವುದಿಲ್ಲ."

"ನಿನಗೆ ಗೊತ್ತಿರುವುದನ್ನು ನಾನು ಹೇಳುವುದಿಲ್ಲ ಬಿಡು," ಎಂದು ಗುರುಗಳು ಮುಂದುವರಿದರು.

ಗಾಳಿ ನಿಂತಿತು, ಮಳೆ ನಿಲ್ಲಲಿಲ್ಲ. ಘಟ್ಟದ ನೀರೆಲ್ಲ ಹೊಳೆಗೆ ಬಂತು. ಅಳಿವೆಯ ಬಾಯಿ ಮುಚ್ಚಿತ್ತು. ಜನ ಗುದ್ದಲಿ ಹಿಡಿದು ದಕ್ಷಿಣ ತುದಿಗೆ ಓಡಿದರೆ ಅಲ್ಲಿ ಕಡಲು ಗುಡ್ಡದಷ್ಟು ಮರಳು ಒಟ್ಟಿತ್ತು. ಅದನ್ನು ಕಡಿಯಲು ಅವರಿಗೆ ಒಂದು ತಿಂಗಳು ಬೇಕಿತ್ತು. ಊರಿನ ಕೇರಿಗಳಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಇಡೀ ದಿಬ್ಬದಲ್ಲಿ ತಗ್ಗಾಗಿ ಉಳಿದಿದ್ದ ಜಾಗ ಒಂದೇ, ಮೀನುಗಾರನ ಅಂಗಳ. ಅಲ್ಲಿ ಕಡಿದರೆ ಊರು ಉಳಿಯುತ್ತದೆ, ಅವನ ಮನೆ ಉಳಿಯುವುದಿಲ್ಲ.

ಎಲ್ಲರೂ ಅಲ್ಲಿಗೆ ಹೋದರು. ಊರ ಗೌಡ ಹೋದ, ರೈತ ಹೋದ, ಭತ್ತದ ವ್ಯಾಪಾರಿ ಹೋದ. ಮುಂಚೆ ಎಂದೂ ಆ ಅಂಗಳ ತುಳಿಯದವರೂ ಹೋದರು. ಹೋದವರು ಮಾತಾಡಲಿಲ್ಲ, ನೆಲ ನೋಡುತ್ತಾ ನಿಂತರು. ಮೊದಲು ಅರ್ಥವಾದದ್ದು ಹೆಂಡತಿಗೆ. ಅವಳು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿಕೊಂಡು, ಒಲೆಯ ಮೇಲಿದ್ದ ಅನ್ನದ ಪಾತ್ರೆ ಎತ್ತಿಕೊಂಡು ಹೊರಗೆ ಬಂದಳು. ಮೀನುಗಾರ ಅವಳನ್ನು ನೋಡಿದ, ಆಮೇಲೆ ಗೋಡೆ ನೋಡಿದ. ಆಮೇಲೆ ಗೌಡನನ್ನು ಕೇಳಿದ.

"ಗೌಡ್ರೆ, ನಾಳೆ ನಾವು ಎಲ್ಲಿ ಮಲಗೂದು?"

"ಎಂತ ಮಾತು ಮಾರಾಯ ಇದು," ಎಂದ ಗೌಡ. "ಊರಿನ ಮನೆ ಎಲ್ಲಾ ನಿಂದೇ ಅಲ್ದಾ."

ಹೌದು ಹೌದು ಎಂದು ಎಲ್ಲರೂ ಹೇಳಿದರು. ರೈತನ ಕಣ್ಣಲ್ಲಿ ನೀರು ಬಂತು. ವ್ಯಾಪಾರಿ ಮೀನುಗಾರನ ಕೈ ಹಿಡಿದುಕೊಂಡ. ಮಹಾಬಲ, ಇದನ್ನು ಸರಿಯಾಗಿ ಕೇಳಿಸಿಕೊ. ಅವರಲ್ಲಿ ಒಬ್ಬನೂ ಸುಳ್ಳು ಹೇಳಲಿಲ್ಲ. ಆ ಹೊತ್ತಿನಲ್ಲಿ ಯಾರ ಮನೆಯ ಬಾಗಿಲು ತಟ್ಟಿದ್ದರೂ ಆ ಮನೆಯವರು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಡುತ್ತಿದ್ದರು.

"ಕೇಳ್ತಾ ನಿಂತ್ರೆ ನೀರು ನಿಲ್ತದಾ? ಹಾಕಿ ಬಿಡಿ," ಎಂದಳು ಹೆಂಡತಿ.

ಅವನು ಗುದ್ದಲಿ ಹಾಕಿದ.

ಆಮೇಲೆ ಊರೇ ಅಗೆಯಿತು. ಗುದ್ದಲಿ ಇದ್ದವರು ಗುದ್ದಲಿಯಿಂದ, ಇಲ್ಲದವರು ಬಾಣಲೆಯಿಂದ, ಮೊರದಿಂದ, ಕೈಯಿಂದ. ಗೌಡನ ಪಕ್ಕದಲ್ಲಿ ಗೌಡನ ಆಳು ಅಗೆದ. ನೀರು ಮೊದಲು ಬೆರಳಿನಷ್ಟು ಹೋಯಿತು, ಆಮೇಲೆ ತೋಳಿನಷ್ಟು, ಆಮೇಲೆ ಹಿಡಿಯುವವರಿಲ್ಲ. ಮನೆ ಬಿದ್ದ ಸದ್ದು ಕೂಡ ಕೇಳಲಿಲ್ಲ. ನೋಡುತ್ತಿದ್ದಾಗ ಇತ್ತು, ಆಮೇಲೆ ಇರಲಿಲ್ಲ. ಸಂಜೆಯ ಹೊತ್ತಿಗೆ ಕೇರಿಗಳಲ್ಲಿ ನೆಲ ಕಂಡಿತು.

"ದೊಡ್ಡ ಮನುಷ್ಯ," ಎಂದ ಮಹಾಬಲ.

"ಅವರೂ ಹಾಗೇ ಹೇಳಿದರು," ಎಂದರು ಗುರುಗಳು. "ಎಲ್ಲರೂ ಹೇಳಿದರು. ಹೇಳಿ ಹೇಳಿ ಅದು ಊರಿಗೆ ಬಾಯಿಪಾಠವಾಯಿತು."

ವ್ಯಾಪಾರಿಯ ಗೋದಾಮಿನ ಅಟ್ಟ ನೆನೆದಿರಲಿಲ್ಲ. ಜನ ಅಲ್ಲಿ ಸೇರಿದರು. ಉಳಿದ ಅಕ್ಕಿಯನ್ನೆಲ್ಲ ತಂದು ಒಂದೇ ಹಂಡೆಗೆ ಹಾಕಿದರು. ನೀನು ಕಂಡ ಹಾಗೆಯೇ, ಒಂದೇ ಸಾಲು. ಮೀನುಗಾರನ ಹೆಂಡತಿಗೆ ಎಲ್ಲರಿಗಿಂತ ಮೊದಲು ಬಡಿಸಿದರು. ಗೌಡನ ಹೆಂಡತಿ ತಾನೇ ಬಿಸಿನೀರು ಕಾಯಿಸಿ ಅವಳ ಕಾಲು ಒತ್ತಿದಳು. ಮೀನುಗಾರನಿಗೆ ಆ ದಿನಗಳಲ್ಲಿ ಮನೆ ಹೋದ ದುಃಖ ಅಷ್ಟಾಗಿ ಕಾಡಲಿಲ್ಲ. ಯಾರ ಮನೆಯೂ ಮನೆಯಾಗಿ ಉಳಿದಿರದಿದ್ದಾಗ ತನ್ನದು ಇಲ್ಲವೆಂಬುದು ಅಷ್ಟು ತಿಳಿಯುವುದಿಲ್ಲ.

ಬಿಸಿಲು ಬಂತು. ಜನ ಒಬ್ಬೊಬ್ಬರಾಗಿ ಅಟ್ಟ ಇಳಿದರು. ಮನೆ ತೊಳೆಯಬೇಕು, ಗೋಡೆಗೆ ಮಣ್ಣು ಮೆತ್ತಬೇಕು, ಸತ್ತ ಕರುವನ್ನು ಸಾಗಿಸಬೇಕು. ಹೋಗುವವರು ಮೀನುಗಾರನ ಹೆಗಲು ಮುಟ್ಟಿ, ಬರುತ್ತೇವೆ ಎಂದು ಹೇಳಿ ಹೋದರು. ಕೊನೆಗೆ ಅಟ್ಟದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ಹಂಡೆ ಮಗುಚಿ ಇಟ್ಟಿದ್ದರು.

ವ್ಯಾಪಾರಿ ಬಂದ. ಹೋಗು ಎಂದು ಅವನು ಹೇಳಲಿಲ್ಲ. ಘಟ್ಟದ ಮೇಲಿಂದ ಹೊಸ ಭತ್ತ ಬರುತ್ತದೆ, ಮೂಟೆಗಳ ನಡುವೆ, ಹೆಗ್ಗಣಗಳ ನಡುವೆ ದಿನ ತುಂಬಿದ ಹೆಂಗಸು ಇರುವುದು ತನ್ನ ಮನಸ್ಸಿಗೆ ಒಪ್ಪುವುದಿಲ್ಲ ಎಂದ. ರೈತನ ಮನೆಯ ಜಗಲಿ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ ಎಂದ. ಒಂದು ಮೂಟೆ ಅಕ್ಕಿ ಕೊಟ್ಟ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ರೈತನ ಕೊಟ್ಟಿಗೆ ಬಿದ್ದಿತ್ತು. ಜಗಲಿಯಲ್ಲಿ ದನ ಕಟ್ಟಿದ್ದ. ಮೀನುಗಾರನನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ನೀನು ಗೌಡರ ಮನೆಯಲ್ಲಿ ಇದ್ದೀ ಎಂದು ತಿಳಿದಿದ್ದೆನಲ್ಲ ಎಂದ. ನಿಜವಾಗಿಯೂ ಹಾಗೆ ತಿಳಿದಿದ್ದ. ಕೊಟ್ಟಿಗೆ ಎದ್ದ ಮೇಲೆ ಬಾ, ಇದು ನಿನ್ನ ಮನೆ ಎಂದ. ಎರಡು ಚಾಪೆ, ಒಂದು ಕಂಬಳಿ ಕೊಟ್ಟ. ಗೌಡನ ಮನೆಯಲ್ಲಿ ಮಗಳ ಅತ್ತೆಮನೆಯವರೆಲ್ಲ ಬಂದು ತುಂಬಿದ್ದರು, ಅವರ ಊರೂ ಮುಳುಗಿತ್ತು. ಗೌಡ ಮೀನುಗಾರನನ್ನು ಚಾವಡಿಯಲ್ಲಿ ಕೂರಿಸಿ, ತನ್ನ ಲೋಟದಲ್ಲೇ ನೀರು ಕೊಟ್ಟು, ವ್ಯಾಪಾರಿಯ ಅಟ್ಟಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿ ಇಲ್ಲವಲ್ಲ, ಅದನ್ನು ಯಾಕೆ ಬಿಟ್ಟೆ ಎಂದು ಕೇಳಿದ. ಎರಡು ಪಾತ್ರೆ ಕೊಟ್ಟು ಕಳಿಸಿದ.

ಹೀಗೆ ಅವರು ಮನೆಯಿಂದ ಮನೆಗೆ ಹೋದರು. ಯಾವ ಮನೆಯವರೂ ಬರಿಗೈಯಲ್ಲಿ ಕಳಿಸಲಿಲ್ಲ. ಪ್ರತಿ ಮನೆಯವರೂ ಅವರು ಇನ್ನೊಂದು ಮನೆಯಲ್ಲಿ ಇದ್ದಾರೆಂದೇ ತಿಳಿದಿದ್ದರು. ನಾಲ್ಕು ಮನೆಯವರು ಕೂಡಿ ಕೊಂಡ ಹಸು ಸಂಜೆ ನಾಲ್ಕು ಕೊಟ್ಟಿಗೆಗಳ ಹೊರಗೂ ನಿಂತಿರುತ್ತದೆ. ಹೆಂಡತಿಗೆ ನಡೆಯಲು ಆಗದೆ ಹೋದಾಗ ಮೀನುಗಾರ ದೋಣಿಯನ್ನು ದಡದಲ್ಲಿ ಮಗುಚಿ, ಒಂದು ಬದಿಗೆ ಕಲ್ಲು ಕೊಟ್ಟು ಎತ್ತಿ, ಸುತ್ತ ತೆಂಗಿನ ಮಡಲು ಕಟ್ಟಿದ. ಅದರ ಕೆಳಗೆ ಅವಳು ಹೆತ್ತಳು. ಊರಿನ ಸೂಲಗಿತ್ತಿಯೇ ಬಂದು ಹೆರಿಗೆ ಮಾಡಿಸಿದಳು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಅಂಥ ಜನ," ಎಂದ ಮಹಾಬಲ. ಅವನ ದನಿ ಏರಿತ್ತು. ಅವನು ಏಳಲು ಹೊರಟವನು ಗುರುಗಳ ಮುಖ ನೋಡಿ ಮತ್ತೆ ಕೂತ.

"ಅಲ್ಲ," ಎಂದರು ಗುರುಗಳು. "ಅಂಥ ಜನರಾಗಿದ್ದರೆ ಕತೆ ಸುಲಭವಿತ್ತು. ಬೈದು ಏಳಬಹುದಿತ್ತು. ಅವರು ಅಂಬಿಗನನ್ನು ಮರೆಯಲಿಲ್ಲ. ಮರೆಯದೆ ಇದ್ದದ್ದೇ ತೊಂದರೆಯಾಯಿತು."

ಮಗುವಿಗೆ ಹೆಸರಿಡುವ ದಿನ ಊರಿಗೆ ಊರೇ ದಡಕ್ಕೆ ಬಂತು. ಬೆಲ್ಲ ತಂದರು, ಎಣ್ಣೆ ತಂದರು, ಬೆಳ್ಳಿಯ ಉಡಿದಾರ ತಂದರು. ಗೌಡ ಮೀನುಗಾರನಿಗೆ ಶಾಲು ಹೊದಿಸಿ, ಈ ಊರು ಇರುವವರೆಗೆ ನಿನ್ನ ಹೆಸರು ಇರುತ್ತದೆ ಎಂದ. ವ್ಯಾಪಾರಿ ಹಲಸಿನ ಮರದ ತೊಟ್ಟಿಲು ಮಾಡಿಸಿ ತಂದಿದ್ದ, ಬಣ್ಣ ಹಾಕಿದ ತೊಟ್ಟಿಲು. ಅದನ್ನು ಕಟ್ಟಲು ಜಂತೆ ಇರಲಿಲ್ಲ. ಎಲ್ಲರೂ ಒಂದು ಗಳಿಗೆ ತೊಟ್ಟಿಲು ಹಿಡಿದುಕೊಂಡು ನಿಂತರು. ಆಮೇಲೆ ಯಾರೋ ಅದನ್ನು ಮರಳಿನ ಮೇಲೆ ಇಟ್ಟರು. ಹೆಂಗಸರು ಹಾಡು ಹೇಳಿದರು. ಮೀನುಗಾರನ ಹೆಂಡತಿ ಆ ತೊಟ್ಟಿಲ ಕಡೆ ನೋಡಲಿಲ್ಲ. ನನಗೆ ಈ ಕತೆಯಲ್ಲಿ ಮನೆ ಬಿದ್ದ ಭಾಗಕ್ಕಿಂತ ಈ ಭಾಗ ಹೇಳುವುದು ಕಷ್ಟ.

ಅವತ್ತಿನಿಂದ ಮೀನುಗಾರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮುಂಜಾನೆ ಬೇರೆ ದೋಣಿಯವರ ಜೊತೆ ಕಡಲಿಗೆ ಹೋಗುತ್ತಿದ್ದ, ಬಂದವನು ದಿಬ್ಬದ ತುದಿಗೆ ಹೋಗಿ ನಿಲ್ಲುತ್ತಿದ್ದ. ಮನೆ ಇದ್ದಲ್ಲಿ ಈಗ ನೀರು. ತನ್ನ ಅಡುಗೆಮನೆ ಇದ್ದ ಜಾಗದಲ್ಲಿ ಬಲೆ ಬೀಸುತ್ತಿದ್ದ. ಮೀನು ಸಿಗುತ್ತಿತ್ತು. ಅದನ್ನು ಮನೆಗೆ ಒಯ್ಯಲು ಮನಸ್ಸಾಗದೆ ಬಿಟ್ಟುಬಿಡುತ್ತಿದ್ದ. ಮನೆ ಎಂದರೆ ಮಗುಚಿದ ದೋಣಿ.

ಊರಿನವರಿಗೂ ನೆಮ್ಮದಿ ಇರಲಿಲ್ಲ. ದಾರಿಯಲ್ಲಿ ಅವನು ಎದುರಾದರೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಚೆನ್ನಾಗಿದ್ದೀಯಾ ಎಂದು ಕೇಳಿದರೆ ಉತ್ತರ ಕಣ್ಣಿಗೆ ಕಾಣುತ್ತಿತ್ತು. ಕೇಳದೆ ಹೋದರೆ ಆ ಹೊತ್ತಿನ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದೂರದಿಂದ ಅವನನ್ನು ಕಂಡರೆ ಪಕ್ಕದ ಓಣಿಗೆ ತಿರುಗುವುದು ರೂಢಿಯಾಯಿತು. ನಾಚಿಕೆ ಬಹಳ ದಿನ ನಾಚಿಕೆಯಾಗಿ ಇರುವುದಿಲ್ಲ, ಮಹಾಬಲ. ಹಾಲಿನ ಹಾಗೆ, ಇಟ್ಟರೆ ಹುಳಿಯುತ್ತದೆ. ಬಾಯಿ ಬಿಟ್ಟು ಕೇಳಿದ್ದರೆ ಕೊಡುತ್ತಿರಲಿಲ್ಲವೇ ಎಂದು ಒಬ್ಬ ಹೇಳಿದ. ಶಾಲು ಹೊದಿಸಿದ ಮೇಲೆ ಅವನಿಗೆ ಗರ್ವ ಬಂದಿದೆ ಎಂದು ಇನ್ನೊಬ್ಬ ಹೇಳಿದ. ಆ ಜಾಗದಲ್ಲಿ ಯಾರಿದ್ದರೂ ಗುದ್ದಲಿ ಹಾಕುತ್ತಿದ್ದರು ಎಂದು ಮತ್ತೊಬ್ಬ ಹೇಳಿದ. ಅದು ಎಲ್ಲರಿಗೂ ಸಮಾಧಾನ ಕೊಟ್ಟ ಮಾತು. ಅದನ್ನು ಎಲ್ಲರೂ ಹಿಡಿದುಕೊಂಡರು.

ರೈತನ ಕೊಟ್ಟಿಗೆ ಎದ್ದಿತು. ಮೊದಲಿನದಕ್ಕಿಂತ ದೊಡ್ಡದಾಗಿಯೇ ಎದ್ದಿತು. ದನಗಳು ಒಳಗೆ ಹೋದವು, ಜಗಲಿ ಖಾಲಿಯಾಯಿತು. ರೈತ ಜಗಲಿಯನ್ನು ಸಗಣಿ ಹಾಕಿ ಸಾರಿಸಿಟ್ಟ. ನಾಳೆ ಅವನನ್ನು ಕರೆಯಬೇಕು ಎಂದು ಹೆಂಡತಿಗೆ ಹೇಳಿದ. ಮರುದಿನ ಗೌಡರೇ ಏನೋ ವ್ಯವಸ್ಥೆ ಮಾಡುತ್ತಿದ್ದಾರಂತೆ ಎಂದು ಯಾರೋ ಹೇಳಿದರು. ರೈತ ಸುಮ್ಮನಾದ. ಗೌಡನಿಗೂ ಯಾರೋ ಹಾಗೆಯೇ, ರೈತ ಜಗಲಿ ಸಾರಿಸಿಟ್ಟಿದ್ದಾನೆ ಎಂದು ಹೇಳಿದ್ದರು.

ಬೇಸಿಗೆ ಬರುವ ಮುಂಚೆ ಒಂದು ಬೆಳಿಗ್ಗೆ ಮೀನುಗಾರ ದೋಣಿಯನ್ನು ನೆಟ್ಟಗೆ ಮಾಡಿ ನೀರಿಗೆ ತಳ್ಳಿದ. ಚಾಪೆ, ಪಾತ್ರೆ, ಶಾಲು, ತೊಟ್ಟಿಲು ಎಲ್ಲವನ್ನೂ ದಡದ ಮೇಲೆ ಸಾಲಾಗಿ ಇಟ್ಟ. ಹೆಂಡತಿಯನ್ನೂ ಮಗುವನ್ನೂ ಕೂರಿಸಿಕೊಂಡು ಉತ್ತರಕ್ಕೆ ಹೋದ. ಅವಳ ತವರಿನ ಕಡೆ ಎಲ್ಲೋ ಇದ್ದಾನೆ ಎಂದು ಆಮೇಲೆ ಸುದ್ದಿ ಬಂತು. ಊರಿನವರಿಗೆ ದುಃಖವಾಯಿತು. ಕೆಲವರು ಅತ್ತರು. ಆ ಸಂಜೆ ಎಷ್ಟೋ ತಿಂಗಳ ಮೇಲೆ ಅವರು ದಿಬ್ಬದ ದಾರಿಯಲ್ಲಿ ತಲೆಯೆತ್ತಿ ನಡೆದದ್ದೂ ನಿಜ.

ಮಹಾಬಲ ಬಾಗಿಲ ಕಡೆ ನೋಡಿದ. ಹೊರಗೆ ಮೋಡ ಕವಿದಿತ್ತು. "ಅಷ್ಟೇನಾ ಕತೆ?" ಎಂದ.

"ಏಳಬೇಡ ಎಂದೆನಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ," ಎಂದರು ಗುರುಗಳು.

ಬೇಸಿಗೆಯಲ್ಲಿ ಕಡಲು ಮತ್ತೆ ಅಳಿವೆಯ ಬಾಯಿ ಮುಚ್ಚಿತು. ಮತ್ತೆ ಮಳೆ ಹಿಡಿಯಿತು. ಹೊಳೆ ತುಂಬಿತು, ನೀರು ಗದ್ದೆಗೆ ಏರಿತು. ದಕ್ಷಿಣದ ಮರಳುಗುಡ್ಡ ಹಾಗೇ ಇತ್ತು. ಕಡಿಯಲು ಜಾಗವೆಂದರೆ ಉತ್ತರದ ಅದೇ ತಗ್ಗು. ಆದರೆ ಕಡಲು ದಿಬ್ಬದ ಆ ತುದಿಯನ್ನು ತಿಂದುಹಾಕಿತ್ತು. ತಗ್ಗು ಈಗ ರೈತನ ಹೊಸ ಕೊಟ್ಟಿಗೆಯ ಬೆನ್ನಿಗೇ ಬಂದಿತ್ತು. ಮೊದಲ ಗುದ್ದಲಿ ರೈತನದು.

ಗೌಡ ತೆಂಗಿನಕಾಯಿ, ಪಂಚೆ ಹಿಡಿದುಕೊಂಡು ಬಂದ. ಹಿಂದೆ ಜನ ಬಂದರು. ರೈತ ಕೊಟ್ಟಿಗೆಯ ಮುಂದೆ ನಿಂತಿದ್ದ. ಹೋಗುವುದಾದರೆ ಕೊಟ್ಟಿಗೆ ಹೋಗುತ್ತಿತ್ತು, ಹಿತ್ತಿಲ ಒಂದು ಗದ್ದೆ ಹೋಗುತ್ತಿತ್ತು. ಮನೆಗೆ ಏನೂ ಆಗುತ್ತಿರಲಿಲ್ಲ. ಊರೆಲ್ಲ ಸೇರಿದರೆ ನಾಲ್ಕು ದಿನದಲ್ಲಿ ಅಂಥ ಕೊಟ್ಟಿಗೆ ಇನ್ನೊಂದು ಎಬ್ಬಿಸಬಹುದಿತ್ತು. ಅದು ರೈತನಿಗೂ ಗೊತ್ತಿತ್ತು, ಗೌಡನಿಗೂ ಗೊತ್ತಿತ್ತು.

ರೈತ ಏನೂ ಕೇಳಲಿಲ್ಲ. ಗೌಡನ ಮುಖ ನೋಡಿದ, ಅಷ್ಟೆ.

"ನಿನ್ನ ಕೊಟ್ಟಿಗೆ ಹೋದ್ರೆ ಎಂತಾಯ್ತು ಮಾರಾಯ, ಊರಿನ ಕೊಟ್ಟಿಗೆ ಎಲ್ಲಾ," ಎಂದು ಗೌಡ ಶುರು ಮಾಡಿದ. ಅಲ್ಲಿಗೆ ಅವನ ಮಾತು ನಿಂತಿತು. ತನ್ನ ಮಾತು ತನ್ನ ಕಿವಿಗೇ ಕೇಳಿಸಿತ್ತು. ಹಿಂದೆ ನಿಂತವರಲ್ಲಿ ಯಾರಾದರೂ ಆ ಮಾತನ್ನು ಪೂರ್ತಿ ಮಾಡಬಹುದಿತ್ತು. ಯಾರೂ ಮಾಡಲಿಲ್ಲ.

ಇನ್ನೂ ಸ್ವಲ್ಪ ಮುಂದೆ ಕಡಿಯಿರಿ ಎಂದ ರೈತ. ಮುಂದೆ ವ್ಯಾಪಾರಿಯ ಗೋದಾಮು. ಹತ್ತಿರದ ಮನೆಯವನು ಇರುವಾಗ ನಾನು ಗುದ್ದಲಿ ಹಾಕಿದರೆ ಕಟ್ಟಳೆ ಮುರಿದ ಹಾಗಾಗುತ್ತದೆ ಎಂದ ವ್ಯಾಪಾರಿ. ಗೌಡರ ತೋಟದ ಅಂಚಿನಲ್ಲಿ ನೆಲ ಇನ್ನೂ ತಗ್ಗಿದೆ ಎಂದು ಒಬ್ಬ ತೋರಿಸಿದ. ಗೌಡ ಕೇಳಿಸದವನಂತೆ ಹೊಳೆಯ ಕಡೆ ತಿರುಗಿದ. ನೀರು ಪಾದಕ್ಕೆ ಬಂದಿತ್ತು. ಒಬ್ಬ ಹುಡುಗುಬುದ್ಧಿಯವನು ತಾನೇ ಕಡಿಯುತ್ತೇನೆ ಎಂದು ಗುದ್ದಲಿ ಎತ್ತಿದ. ರೈತನ ಮಕ್ಕಳು ಅವನ ಎದುರು ನಿಂತರು. ಮೊದಲ ಗುದ್ದಲಿ ಬೀಳದೆ ಕಡಿದರೆ ಹೊಳೆ ಬಲಿ ಕೇಳುತ್ತದೆ ಎಂದು ಮುದುಕರು ಕೂಗಿದರು. ಅವನೂ ಗುದ್ದಲಿ ಇಳಿಸಿದ. ಆ ಹೊತ್ತಿಗೆ ನೀರು ಮೊಣಕಾಲಿಗೆ ಬಂದಿತ್ತು.

ಆ ಅಂಗಳದಲ್ಲಿ ಗುದ್ದಲಿಗಳಿಗೇನೂ ಬರವಿರಲಿಲ್ಲ. ಪ್ರತಿಯೊಬ್ಬನ ಕೈಯಲ್ಲೂ ಒಂದಿತ್ತು. ಹೋದ ವರ್ಷ ಬಾಣಲೆಯಿಂದ, ಬರಿ ಕೈಯಿಂದ ಮರಳು ತೋಡಿದ ಜನವೇ ಅವರು. ಅದೇ ಹೊಳೆ, ಅದೇ ಗೌಡ. ಅವರು ಕೆಟ್ಟವರಾಗಿರಲಿಲ್ಲ. ಗುದ್ದಲಿ ಹಾಕಿದವನಿಗೆ ಈ ಊರಿನಲ್ಲಿ ಮುಂದೆ ಏನಾಗುತ್ತದೆ ಎಂದು ಪ್ರತಿಯೊಬ್ಬನೂ ಕಂಡಿದ್ದ. ಕಂಡಿದ್ದನ್ನು ಹೇಗೆ ಮರೆಯುವುದು? ಅಕ್ಕಿ ಬರುತ್ತದೆ, ಚಾಪೆ ಬರುತ್ತದೆ, ಶಾಲು ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಹೆದರಿದರು.

ಅವರು ವಾದ ಮಾಡುತ್ತಲೇ ಇದ್ದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದರು. ಸಂಜೆಯಾಗುವಾಗ ನೀರು ಯಾರ ಅಪ್ಪಣೆಯನ್ನೂ ಕೇಳದೆ ತನ್ನ ದಾರಿ ತಾನು ಮಾಡಿಕೊಂಡಿತು. ಊರಿನ ನಡುಬೀದಿಯಲ್ಲೇ ಮಾಡಿಕೊಂಡಿತು. ಕೊಟ್ಟಿಗೆ ಹೋಯಿತು, ರೈತನ ಮನೆಯೂ ಹೋಯಿತು. ಗೋದಾಮು ಹೋಯಿತು. ಗೌಡನ ಚಾವಡಿ ಕಂಬ ಸಮೇತ ಕಡಲಿಗೆ ಹೋಯಿತು. ಗೌಡನೂ ಹೋದ, ಅವನ ಜೊತೆ ಹಲವರು ಹೋದರು. ಉಳಿದವರು ಗುಡ್ಡದ ಮೇಲೆ ಬೆಳಗಿನವರೆಗೆ ಕೂತಿದ್ದು, ಆಮೇಲೆ ಒಂದೊಂದು ಕುಟುಂಬ ಒಂದೊಂದು ದಾರಿ ಹಿಡಿದು ಹೊರಟಿತು. ಯಾರೂ ಯಾರನ್ನೂ ನಮ್ಮ ಜೊತೆ ಬಾ ಎಂದು ಕರೆಯಲಿಲ್ಲ. ಈಗ ಅಲ್ಲಿ ಊರಿಲ್ಲ, ಅಳಿವೆ ಇದೆ.

ಗುರುಗಳು ಮಾತು ನಿಲ್ಲಿಸಿದರು. ಮಹಾಬಲ ತುಸು ಹೊತ್ತು ತನ್ನ ಉಗುರುಗಳನ್ನೇ ನೋಡುತ್ತಿದ್ದ.

"ಹಾಗಾದರೆ ಎರಡನೆಯ ಬಿರುಗಾಳಿ ಮೊದಲಿನದಕ್ಕಿಂತಲೂ ದೊಡ್ಡದಾಗಿತ್ತೇ, ಗುರುಗಳೇ?"

"ಆ ವರ್ಷ ಬಿರುಗಾಳಿ ಬರಲೇ ಇಲ್ಲ, ಮಹಾಬಲ; ಅದು ಪ್ರತಿ ವರ್ಷದ ಮಳೆ."